ಚೆಂಡೆಯ ಪೆಟ್ಟು ಮೊದಲು, ಸದ್ದು ಆಮೇಲೆ: ಮೊಬೈಲ್ ವಿಡಿಯೋದಲ್ಲಿ ಬದಲಾಗುವ ಫ್ರೇಮ್ ರೇಟ್

ಪ್ರಶ್ನೆ: ನಾನು ಪುತ್ತೂರಿನ ಕಡೆಯವನು. ನಮ್ಮೂರ ಸುತ್ತಮುತ್ತ ನಡೆಯುವ ಯಕ್ಷಗಾನ ಆಟಗಳನ್ನು ಮೊಬೈಲ್‌ನಲ್ಲಿ 1080ಪಿ, 30 ಫ್ರೇಮ್ ಇಟ್ಟು ರೆಕಾರ್ಡ್ ಮಾಡಿ ಸಂಗ್ರಹಿಸುತ್ತೇನೆ. ಧ್ವನಿ ಚೆನ್ನಾಗಿರಲಿ ಎಂದು ಮೈಕಿನವರ ಮಿಕ್ಸರ್‌ನಿಂದ ಒಂದು ಡಿಜಿಟಲ್ ರೆಕಾರ್ಡರ್‌ಗೆ ಬೇರೆಯಾಗಿ ತೆಗೆದುಕೊಳ್ಳುತ್ತೇನೆ. ಎರಡನ್ನೂ ಎಡಿಟಿಂಗ್‌ನಲ್ಲಿ ಜೋಡಿಸಿದರೆ ಮೊದಲ 18 ನಿಮಿಷ ಸರಿಯಾಗಿರುತ್ತದೆ. ಬಣ್ಣದ ವೇಷದ ಪ್ರವೇಶ ಕಳೆದ ಮೇಲೆ ನೋಡಿದರೆ ಕೋಲು ಚೆಂಡೆಗೆ ಬಿದ್ದು ಸುಮಾರು 4 ಸೆಕೆಂಡ್ ಆದ ಮೇಲೆ ಸದ್ದು ಕೇಳುತ್ತದೆ. 40 ನಿಮಿಷದ ಕ್ಲಿಪ್ ಮುಗಿಯುವ ಹೊತ್ತಿಗೆ ಅದು 7 ಸೆಕೆಂಡ್ ಆಗಿರುತ್ತದೆ. ಆಡಿಯೋವನ್ನು 7 ಸೆಕೆಂಡ್ ಕುಗ್ಗಿಸಿ ನೋಡಿದೆ, ಕೊನೆ ಸರಿಹೋಯಿತು, ನಡು ಕೆಟ್ಟಿತು. ಅದೇ ಮೊಬೈಲ್ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿದರೆ ಏನೂ ತೊಂದರೆಯಿಲ್ಲ. ಫೋನ್ ಬದಲಿಸಬೇಕೇ? 60 ಫ್ರೇಮ್ ಇಟ್ಟರೆ ಸರಿಹೋಗುತ್ತದೆಯೇ? ಕನ್ವರ್ಟ್ ಮಾಡಿದರೆ ಕ್ವಾಲಿಟಿ ಹೋಗುತ್ತದೆ ಎನ್ನುತ್ತಾರೆ, ನಿಜವೇ? ಹೀಗೆ ತೆಗೆದ 22 ಕ್ಲಿಪ್‌ಗಳು ನನ್ನ ಬಳಿ ಇವೆ. ಒಂದು ಪ್ರಸಂಗವನ್ನಂತೂ ಅರ್ಧ ಎಡಿಟ್ ಮಾಡಿ ನಿಲ್ಲಿಸಿದ್ದೇನೆ.

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ಬಣ್ಣದ ವೇಷದ ಪ್ರವೇಶ ಕಳೆದ ಮೇಲೆ’ ಎಂದು ಬರೆದಿದ್ದೀರಿ. ರಂಗಸ್ಥಳದ ದೀಪ ತಗ್ಗಿಸಿ, ದೊಂದಿಗೆ ರಾಳ ಎರಚುವ ಹೊತ್ತು ಅದು. ಬೆಳಕು ಸಾಲದೆ ಹೋದಾಗ ಬಹಳಷ್ಟು ಫೋನುಗಳು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ತೆಗೆಯುವುದನ್ನು ಬಿಟ್ಟು 24ಕ್ಕೆ ಇಳಿಯುತ್ತವೆ. ಬದಲಾಗುವ ಫ್ರೇಮ್ ರೇಟ್ ಎನ್ನುವುದು ಇದಕ್ಕೇ. ಆ ಮಬ್ಬು 20 ಸೆಕೆಂಡ್ ಇತ್ತು ಎಂದುಕೊಳ್ಳಿ. ಸೆಕೆಂಡಿಗೆ 6ರಂತೆ 120 ಫ್ರೇಮ್ ಕಡಿಮೆಯಾಯಿತು. ಸೆಕೆಂಡಿಗೆ 30 ಫ್ರೇಮ್ ಎಂದು ನಂಬಿ ಕೂತ ಎಡಿಟಿಂಗ್ ಸಾಫ್ಟ್‌ವೇರಿಗೆ 120 ಫ್ರೇಮ್ ಎಂದರೆ ಸರಿಯಾಗಿ 4 ಸೆಕೆಂಡ್. ನೀವು ಕಂಡ 4 ಸೆಕೆಂಡ್ ಬಹುಮಟ್ಟಿಗೆ ಇದೇ. ಉಳಿದ 3 ಸೆಕೆಂಡ್ ಆಮೇಲಿನ ಮಬ್ಬು ದೃಶ್ಯಗಳಲ್ಲಿ ಸೇರಿಕೊಂಡಿರಬೇಕು. ಫೋನ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. 22 ಕ್ಲಿಪ್‌ಗಳನ್ನೂ ಉಳಿಸಿಕೊಳ್ಳಬಹುದು.

ಫ್ರೇಮ್ ಎಲ್ಲಿ ಹೋಯಿತು

ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದಕ್ಕೆ 33.3 ಮಿಲಿಸೆಕೆಂಡ್ ಸಿಗುತ್ತದೆ. ಸೆನ್ಸರ್ ಅದಕ್ಕಿಂತ ಹೆಚ್ಚು ಹೊತ್ತು ಬೆಳಕು ಹೀರುವಂತಿಲ್ಲ. ಕತ್ತಲಾದಾಗ ಫೋನಿನ ಆಟೋ ಎಕ್ಸ್‌ಪೋಷರ್‌ಗೆ ಎರಡು ದಾರಿ: ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ ಚಿತ್ರದಲ್ಲಿ ಕಾಳುಕಾಳು ತರಿಸುವುದು, ಇಲ್ಲವೇ ಪ್ರತಿ ಫ್ರೇಮಿಗೂ 41.7 ಮಿಲಿಸೆಕೆಂಡ್ ಕೊಟ್ಟು 24ಕ್ಕೆ ಇಳಿಯುವುದು. ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ತೆಗೆಯುವವರಿಗೆ ಎರಡನೆಯದೇ ಒಳ್ಳೆಯದು, ಆದ್ದರಿಂದ ಕಂಪನಿಗಳು ಅದನ್ನೇ ಆರಿಸಿವೆ. ಸೆಟ್ಟಿಂಗ್‌ನಲ್ಲಿ ಕಾಣುವ ‘30’ ಗರಿಷ್ಠ ಮಿತಿ ಅಷ್ಟೇ, ಅಷ್ಟನ್ನೂ ಕೊಟ್ಟೇ ಕೊಡುತ್ತೇನೆ ಎಂಬ ಮಾತಲ್ಲ.

ಬೆಳಕಲ್ಲದೆ ಬೇರೆ ಕಾರಣಗಳೂ ಇವೆ. ಗಂಟೆಗಟ್ಟಲೆ ಓಡಿದ ಫೋನ್ ಬಿಸಿಯಾದರೆ ಎನ್‌ಕೋಡರ್ (ಚಿತ್ರವನ್ನು ಕುಗ್ಗಿಸಿ ಬರೆಯುವ ಭಾಗ) ಫ್ರೇಮ್ ಬಿಡುತ್ತದೆ. ಸ್ಟೋರೇಜ್ ತುಂಬುತ್ತಾ ಬಂದು ಬರೆಯುವ ವೇಗ ತಗ್ಗಿದರೂ ಅದೇ ಕತೆ. ಫೋನಿನ ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಂತೂ ಪರದೆ ಬದಲಾದಾಗ ಮಾತ್ರ ಹೊಸ ಫ್ರೇಮ್ ಹುಟ್ಟುವುದುಂಟು, ಅಲ್ಲಿ ಏರಿಳಿತ ಇನ್ನೂ ಜೋರು. ಝೂಮ್ ಸಭೆಗಳ ರೆಕಾರ್ಡಿಂಗೂ ಹೀಗೆಯೇ. ಆನ್‌ಲೈನ್ ತಾಳಮದ್ದಳೆ ರೆಕಾರ್ಡ್ ಮಾಡುವವರು ಅದರ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ‘ಆಪ್ಟಿಮೈಸ್ ಫಾರ್ ಥರ್ಡ್ ಪಾರ್ಟಿ ವಿಡಿಯೋ ಎಡಿಟರ್’ ಎಂಬುದಕ್ಕೆ ಮೊದಲೇ ಟಿಕ್ ಹಾಕಿಟ್ಟರೆ ಆಮೇಲಿನ ಗೋಳು ತಪ್ಪುತ್ತದೆ.

ಹಾಗಾದರೆ ವಿಎಲ್‌ಸಿಯಲ್ಲಿ ಏಕೆ ಸರಿಯಾಗಿ ಕಾಣುತ್ತದೆ? ಎಂಪಿ4 ಫೈಲಿನೊಳಗೆ ಚಿತ್ರಗಳ ಜೊತೆ ಒಂದು ಪಟ್ಟಿಯೂ ಇರುತ್ತದೆ. ಯಾವ ಫ್ರೇಮ್ ಎಷ್ಟು ಹೊತ್ತು ಪರದೆಯ ಮೇಲಿರಬೇಕು ಎಂಬ ಲೆಕ್ಕ ಅದರಲ್ಲಿದೆ. ಪ್ಲೇಯರ್ ಆ ಪಟ್ಟಿ ನೋಡಿಕೊಂಡು ಓಡಿಸುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಬೆಳೆದು ಬಂದಿದ್ದು ಟೇಪಿನ ಕಾಲದ ಲೆಕ್ಕದ ಮೇಲೆ. ಅಲ್ಲಿ ಪ್ರತಿ ಫ್ರೇಮಿಗೂ ಸಮಾನ ಪಾಲು, ಫ್ರೇಮ್ ಎಣಿಸಿದರೆ ಸಮಯ ಸಿಕ್ಕಿತು. ಹಾಗಾಗಿ ಹಲವು ಸಾಫ್ಟ್‌ವೇರ್‌ಗಳು ಪಟ್ಟಿಯನ್ನು ಕಡೆಗಣಿಸಿ ಫ್ರೇಮ್ ಮಾತ್ರ ಎಣಿಸುತ್ತವೆ.

ಎಣಿಸುವ ರೀತಿಯೂ ಎಲ್ಲ ಕಡೆ ಒಂದೇ ಅಲ್ಲ. ಒಂದು ಗಂಟೆಯ ಕ್ಲಿಪ್ ತೆಗೆದುಕೊಳ್ಳಿ. 20ರಿಂದ 30ನೇ ನಿಮಿಷದವರೆಗೆ ದರ 24ಕ್ಕೆ ಇಳಿದಿತ್ತು, ಉಳಿದೆಲ್ಲ 30. ಒಟ್ಟು 1,08,000 ಇರಬೇಕಾದಲ್ಲಿ 1,04,400 ಫ್ರೇಮ್ ಇದೆ. ‘30’ ಎಂದೇ ಹಿಡಿಯುವ ಸಾಫ್ಟ್‌ವೇರಿನಲ್ಲಿ ಚಿತ್ರ 58 ನಿಮಿಷಕ್ಕೇ ಮುಗಿಯುತ್ತದೆ, ಧ್ವನಿ ಇನ್ನೂ 2 ನಿಮಿಷ ಓಡುತ್ತದೆ. ಇನ್ನೊಂದು ಜಾತಿಯ ಸಾಫ್ಟ್‌ವೇರ್ ಸರಾಸರಿ ತೆಗೆದು 29 ಎಂದು ಹಿಡಿಯುತ್ತದೆ. ಆಗ ಮೊದಲೂ ಸರಿ, ಕೊನೆಯೂ ಸರಿ. ಆದರೆ 20ನೇ ನಿಮಿಷದಲ್ಲಿ ಚಿತ್ರ 41 ಸೆಕೆಂಡ್ ತಡವಾಗಿರುತ್ತದೆ, 30ನೇ ನಿಮಿಷದಲ್ಲಿ 62 ಸೆಕೆಂಡ್ ಮುಂದಿರುತ್ತದೆ. ಎರಡು ತುದಿ ನೋಡಿ ಸಮಾಧಾನಪಟ್ಟವರು ಮೋಸಹೋಗುವುದು ಇಲ್ಲಿಯೇ. ಪರೀಕ್ಷಿಸುವಾಗ ನಡುವನ್ನೂ, ಅದರಲ್ಲೂ ದೀಪ ತಗ್ಗಿದ ಜಾಗದ ಆಚೀಚೆಯನ್ನೂ ನೋಡಬೇಕು.

ಮೊದಲು ಖಚಿತ ಮಾಡಿಕೊಳ್ಳಿ

ಧ್ವನಿ ತಪ್ಪಿದ್ದನ್ನೆಲ್ಲ ಫ್ರೇಮ್ ರೇಟಿನ ತಲೆಗೆ ಕಟ್ಟಬಾರದು, ಏಕೆಂದರೆ ಮದ್ದು ಬೇರೆಬೇರೆ. ನಿಮ್ಮ ಬಳಿ ಎರಡು ಧ್ವನಿ ಇರುವುದು ಅನುಕೂಲವೇ ಆಯಿತು. ಟೈಮ್‌ಲೈನ್‌ನಲ್ಲಿ ಮಿಕ್ಸರ್ ಧ್ವನಿಯನ್ನು ಮ್ಯೂಟ್ ಮಾಡಿ, ಫೋನಿನದೇ ಧ್ವನಿಯನ್ನು ಫೋನಿನ ಚಿತ್ರದ ಜೊತೆ 25ನೇ ನಿಮಿಷದಲ್ಲಿ ಕೇಳಿ. ಅದೂ ತಪ್ಪಿದ್ದರೆ ಕಾರಣ ಬದಲಾಗುವ ಫ್ರೇಮ್ ರೇಟ್. ಅದು ಸರಿಯಿದ್ದು ಮಿಕ್ಸರ್ ಧ್ವನಿ ಮಾತ್ರ ತಪ್ಪಿದ್ದರೆ ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ.

ತಪ್ಪು ಬೆಳೆಯುವ ರೀತಿಯಲ್ಲೂ ಗುರುತು ಸಿಗುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರವಿದ್ದರೆ ಜೋಡಿಸುವಾಗ ಜರುಗಿದೆ ಅಷ್ಟೇ, ಒಮ್ಮೆ ಸರಿಸಿದರೆ ಮುಗಿಯಿತು. ನಿಮಿಷ ನಿಮಿಷಕ್ಕೂ ಒಂದೇ ಹದದಲ್ಲಿ ಬೆಳೆಯುತ್ತಿದ್ದರೆ ದರದ ತಪ್ಪು. ಉದಾಹರಣೆಗೆ 29.97ರ ಕ್ಲಿಪ್ಪನ್ನು 30 ಎಂದು ಓದಿದರೆ ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ಇಂಥದ್ದನ್ನು ಆಡಿಯೋ ಎಳೆದು ಕುಗ್ಗಿಸಿ ಸರಿಮಾಡಬಹುದು. ಕೆಲವು ಕಡೆ ಸರಿಯಿದ್ದು, ಕೆಲವು ಕಡೆ ಇದ್ದಕ್ಕಿದ್ದಂತೆ ಹಾರಿ, ಮತ್ತೆ ನಿಂತಲ್ಲೇ ನಿಂತರೆ ಅದು ಬದಲಾಗುವ ಫ್ರೇಮ್ ರೇಟೇ. ಎಳೆದು ಕುಗ್ಗಿಸುವುದರಿಂದ ಅದು ಎಂದೂ ಸರಿಹೋಗುವುದಿಲ್ಲ. ತಪ್ಪು ಇರುವುದು ಅಲ್ಲಲ್ಲಿ, ನಾವು ಹಂಚುವುದು ಇಡೀ ಉದ್ದಕ್ಕೆ. ನಿಮ್ಮದು ಈ ಮೂರನೆಯದು.

ಇದಕ್ಕೆ ಲಿಖಿತ ಸಾಕ್ಷಿ ಬೇಕಿದ್ದರೆ ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು, ವ್ಯೂ ಮೆನುವಿನಲ್ಲಿ ‘ಟ್ರೀ’ ಆರಿಸಿ. ವಿಡಿಯೋ ಭಾಗದಲ್ಲಿ ಫ್ರೇಮ್ ರೇಟ್ ಮೋಡ್ ‘ಕಾನ್‌ಸ್ಟಂಟ್’ ಇದೆಯೋ ‘ವೇರಿಯಬಲ್’ ಇದೆಯೋ ಎಂದೂ, ಸರಾಸರಿ, ಕನಿಷ್ಠ, ಗರಿಷ್ಠ ಎಷ್ಟೆಂದೂ ಸಿಗುತ್ತದೆ. ನಿಮ್ಮ 40 ನಿಮಿಷದ ಕ್ಲಿಪ್ಪಿನಲ್ಲಿ 7 ಸೆಕೆಂಡ್ ತಪ್ಪಿದೆ ಎಂದರೆ 72,000ದಲ್ಲಿ 210 ಫ್ರೇಮ್ ಇಲ್ಲ, ಹಾಗಾಗಿ ಸರಾಸರಿ 29.91ರ ಆಸುಪಾಸು ತೋರಿಸಬೇಕು. ಎಷ್ಟು ಸಣ್ಣ ವ್ಯತ್ಯಾಸ ನೋಡಿ! 29.91 ಎಂದರೆ 30ರ ಹತ್ತಿರವೇ ಇದೆಯಲ್ಲ ಎಂದು ಬಿಡುವವರೇ ಹೆಚ್ಚು.

ಕನಿಷ್ಠ ಸಂಖ್ಯೆಯನ್ನು ಓದುವಾಗ ಮಾತ್ರ ಗಾಬರಿ ಬೇಡ. ಒಂದೇ ಒಂದು ಫ್ರೇಮ್ 0.1 ಸೆಕೆಂಡ್ ಹೊತ್ತು ನಿಂತರೂ ಅಲ್ಲಿ ‘10’ ಎಂದು ಕಾಣುತ್ತದೆ. ಹಾಗೆಯೇ ಕನಿಷ್ಠ 29.4, ಗರಿಷ್ಠ 30.6 ಎಂಬಂಥ ಸಣ್ಣ ಅಲುಗಾಟ ಬಹುತೇಕ ಎಲ್ಲ ಫೋನುಗಳಲ್ಲೂ ಇರುತ್ತದೆ. ಸರಾಸರಿ 30ರಲ್ಲೇ ನಿಂತಿದ್ದರೆ ಅದರಿಂದ ಧ್ವನಿ ಜಾರುವುದಿಲ್ಲ. ‘ವೇರಿಯಬಲ್’ ಎಂಬ ಪದ ಕಂಡ ಮಾತ್ರಕ್ಕೆ ಫೈಲು ಕೆಲಸಕ್ಕೆ ಬಾರದು ಎನ್ನುವುದು ತಪ್ಪು ನಂಬಿಕೆ. ಕತ್ತರಿಸದೆ, ಬೇರೆ ಧ್ವನಿ ಸೇರಿಸದೆ ಇದ್ದ ಹಾಗೇ ಯೂಟ್ಯೂಬಿಗೆ ಏರಿಸುವವರು ಪರಿವರ್ತನೆ ಮಾಡಬೇಕಾದ್ದೇ ಇಲ್ಲ.

ಇನ್ನೂ ಎರಡು ನಂಬಿಕೆ ಚಾಲ್ತಿಯಲ್ಲಿವೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ 30 ಎಂದು ಕೊಟ್ಟರೆ ಸಾಕು ಎನ್ನುತ್ತಾರೆ. ಅದು ಹೊರಗೆ ಬರುವ ವಿಡಿಯೋದ ದರ, ಒಳಗೆ ಬಂದ ಫೈಲಿನ ಫ್ರೇಮುಗಳು ಅದರಿಂದ ಸಾಲಿಗೆ ಬರುವುದಿಲ್ಲ. ಎಂಪಿ4 ಅನ್ನು ಎಂಓವಿ ಅಥವಾ ಎಂಕೆವಿ ಮಾಡಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಎನ್‌ಕೋಡ್ ಮಾಡದೆ ಡಬ್ಬಿ ಮಾತ್ರ ಬದಲಿಸಿದರೆ ಒಳಗಿನ ಸಮಯದ ಪಟ್ಟಿ ಹಾಗೇ ಇರುತ್ತದೆ.

ಮುಂದಿನ ಆಟಕ್ಕೆ ಹೋಗುವ ಮೊದಲು

ಐಫೋನ್ ಆದರೆ ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೋ ಎಂದು ಹೋಗಿ ‘ಆಟೋ ಎಫ್‌ಪಿಎಸ್’ ಆಫ್ ಮಾಡಿ. ಅಲ್ಲೇ ಎಚ್‌ಡಿಆರ್ ವಿಡಿಯೋ (ಬೆಳಕು, ಬಣ್ಣದ ಹರವು ಹಿಗ್ಗಿಸುವ ಆಯ್ಕೆ) ಕೂಡ ಆಫ್ ಇರಲಿ, ಇಲ್ಲವಾದರೆ ಎಡಿಟಿಂಗ್‌ನಲ್ಲಿ ಬಣ್ಣದ ಇನ್ನೊಂದು ತಲೆನೋವು ಶುರುವಾಗುತ್ತದೆ. ಸ್ಯಾಮ್‌ಸಂಗ್‌ನ ಹಲವು ಫೋನುಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲೂ ಇದೇ ಹೆಸರಿನ ಆಯ್ಕೆ ಇದೆ. ನಿಮ್ಮ ಫೋನಿನ ಕ್ಯಾಮೆರಾ ಆ್ಯಪ್‌ನಲ್ಲಿ ಇಂಥದ್ದು ಸಿಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ಉಚಿತ. ಐಫೋನಿಗೂ ಇದೆ, ಆಂಡ್ರಾಯ್ಡ್‌ಗೂ ಇದೆ, ಆಂಡ್ರಾಯ್ಡ್‌ನಲ್ಲಿ ನಿಮ್ಮ ಮಾಡೆಲ್‌ಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಆ ಆ್ಯಪ್‌ನ ನಿಜವಾದ ಉಪಯೋಗ ಷಟರನ್ನು, ಅಂದರೆ ಸೆನ್ಸರ್ ಒಂದು ಫ್ರೇಮಿಗೆ ಬೆಳಕು ಹೀರುವ ಸಮಯವನ್ನು, ಕಟ್ಟಿಹಾಕುವುದು. ಷಟರ್ 1/50ಕ್ಕೆ ನಿಂತರೆ ಫ್ರೇಮಿಗೆ ಬೇಕಾದ್ದು 20 ಮಿಲಿಸೆಕೆಂಡ್ ಮಾತ್ರ, ಕತ್ತಲಾದರೂ ಫೋನಿಗೆ ದರ ಇಳಿಸುವ ನೆಪವೇ ಉಳಿಯುವುದಿಲ್ಲ. 1/50 ಎಂಬ ಸಂಖ್ಯೆಗೆ ಇನ್ನೊಂದು ಕಾರಣವಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. 1/50ರಲ್ಲಿ ಸರಿಯಾಗಿ ಎರಡು ಮಿಡಿತ, 1/100ರಲ್ಲಿ ಒಂದು ಮಿಡಿತ ಸಿಗುತ್ತದೆ. 1/60 ಇಟ್ಟರೆ ಒಂದೂಮುಕ್ಕಾಲಿನಷ್ಟು ಮಿಡಿತ ಸಿಕ್ಕಿ, ಹಿಂಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಅಗ್ಗದ ಎಲ್‌ಇಡಿ ಫ್ಲಡ್‌ಲೈಟ್ ಕಟ್ಟಿದ ಕಡೆ ಇದು ಎದ್ದು ಕಾಣುತ್ತದೆ. ಫೋನಿನಲ್ಲಿ 25 ಫ್ರೇಮ್ ಸಿಕ್ಕರೆ ಇನ್ನೂ ಒಳ್ಳೆಯದು. ಐಫೋನಿನಲ್ಲಿ ‘ಷೋ ಪಿಎಎಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ ಆ ಆಯ್ಕೆ ಕಾಣಿಸುತ್ತದೆ.

ಐಎಸ್‌ಓ ಕೂಡ ಲಾಕ್ ಮಾಡಿ. ಒಡ್ಡೋಲಗದ ಪೂರ್ಣ ಬೆಳಕಿನಲ್ಲಿ ಕಿರೀಟದ ಬೇಗಡೆ ಬಿಳಿಚಿಕೊಳ್ಳದ ಮಟ್ಟಕ್ಕೆ ಹೊಂದಿಸಿ ಬಿಟ್ಟುಬಿಡಿ. ಆಗ ರಾಳದ ದೃಶ್ಯ ನಿಮ್ಮ ಪರದೆಯಲ್ಲಿ ಬಹಳ ಕಪ್ಪಾಗಿ ಕಾಣುತ್ತದೆ, ಸರಿಮಾಡಲು ಕೈ ತುರಿಸುತ್ತದೆ. ಮುಟ್ಟಬೇಡಿ. ಮೇಳದವರು ಬೇಕೆಂದೇ ಕತ್ತಲು ಮಾಡಿದ್ದಾರೆ. ಆ ಕತ್ತಲಿನಲ್ಲಿ ಜ್ವಾಲೆ ಭುಗ್ಗೆಂದು ಎದ್ದು ಮುಖವರ್ಣಿಕೆ ಒಂದು ಕ್ಷಣ ಬೆಳಗಬೇಕು, ಅದೇ ಆ ಪ್ರವೇಶದ ಜೀವ. ಆಟೋ ಎಕ್ಸ್‌ಪೋಷರ್ ಆ ಕತ್ತಲನ್ನು ಬೂದಿ ಬಣ್ಣಕ್ಕೆ ತಿರುಗಿಸಿ, ಜ್ವಾಲೆ ಎದ್ದಾಗ ಇಡೀ ಚಿತ್ರವನ್ನು ಬಿಳಿ ಮಾಡಿಬಿಡುತ್ತದೆ. ಧ್ವನಿ ತಪ್ಪುವುದಕ್ಕಿಂತ ದೊಡ್ಡ ನಷ್ಟ ಇದು, ಏಕೆಂದರೆ ಇದನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಮರಳಿ ತರಲಾಗುವುದಿಲ್ಲ.

60 ಫ್ರೇಮಿನ ಬಗ್ಗೆ ಕೇಳಿದ್ದೀರಿ. ರಾತ್ರಿ ಆಟಕ್ಕೆ ಬೇಡ. ಆಗ ಪ್ರತಿ ಫ್ರೇಮಿಗೆ ಸಿಗುವುದು ಹೆಚ್ಚೆಂದರೆ 1/60 ಸೆಕೆಂಡ್, ಅಂದರೆ 30ರಲ್ಲಿ ಸಿಗುವುದರ ಅರ್ಧ. ಫೋನ್ ಇನ್ನೂ ಬೇಗ ಕಂಗಾಲಾಗಿ ದರ ಇಳಿಸುತ್ತದೆ, ಬಿಸಿಯೂ ಹೆಚ್ಚು.

ಉಳಿದವು ಚಿಕ್ಕ ವಿಷಯಗಳು. ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಡಿ, ಕರೆ ಬಂದು ರೆಕಾರ್ಡಿಂಗ್ ತುಂಡಾದರೆ ಯಾವ ಪರಿವರ್ತನೆಯೂ ಅದನ್ನು ಕಟ್ಟಿಕೊಡದು. ದಪ್ಪ ಕವರ್ ತೆಗೆಯಿರಿ, ಬಿಸಿ ಹೊರಹೋಗಲಿ. ಪವರ್ ಬ್ಯಾಂಕ್ ಹಾಕಿ ಚಾರ್ಜ್ ಮಾಡುತ್ತಲೇ ತೆಗೆದರೆ ಬಿಸಿ ಇನ್ನೂ ಹೆಚ್ಚುತ್ತದೆ, ಸಾಧ್ಯವಾದರೆ ಕ್ಲಿಪ್‌ಗಳ ನಡುವಿನ ಬಿಡುವಿನಲ್ಲಿ ಚಾರ್ಜ್ ಮಾಡಿಕೊಳ್ಳಿ. ಗೆಳೆಯರು ಇನ್ನೊಂದು ಕೋನದಿಂದ ತೆಗೆದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಲು ಬಿಡಬೇಡಿ. ಅದು ಮತ್ತೊಮ್ಮೆ ಕುಗ್ಗಿಸುತ್ತದೆ. ಕೇಬಲ್‌ನಲ್ಲಿ ತೆಗೆದುಕೊಳ್ಳಿ, ಆಗದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲಿ.

ಇಷ್ಟೆಲ್ಲ ಮಾಡಿದರೂ ಫೋನಿನ ಫೈಲ್ ನೂರಕ್ಕೆ ನೂರು ಸ್ಥಿರ ದರದ್ದಾಗಿರುತ್ತದೆ ಎಂದು ಹೇಳಲಾರೆ, ಆಂಡ್ರಾಯ್ಡ್‌ನಲ್ಲಂತೂ ಇಲ್ಲ. ದೊಡ್ಡ ಜಿಗಿತಗಳು ಹೋಗಿ ಸಣ್ಣ ಅಲುಗಾಟ ಉಳಿಯುತ್ತದೆ. ಆದ್ದರಿಂದ ಮುಂದೆ ಹೇಳುವ ಪರಿವರ್ತನೆಯನ್ನು ರೂಢಿ ಮಾಡಿಕೊಳ್ಳುವುದೇ ಕ್ಷೇಮ.

ಈಗಿರುವ ಕ್ಲಿಪ್‌ಗಳ ಪರಿವರ್ತನೆ

ಫೈಲಿನಲ್ಲಿರುವ ಸಮಯದ ಪಟ್ಟಿಯನ್ನು ಓದಿ, ಫ್ರೇಮ್ ಇಲ್ಲದ ಕಡೆ ಹಿಂದಿನ ಫ್ರೇಮನ್ನೇ ಇನ್ನೊಮ್ಮೆ ಇಟ್ಟು, ಒಂದೇ ಹದದ ಹೊಸ ಫೈಲ್ ಮಾಡುವುದು ಇಲ್ಲಿನ ಕೆಲಸ. 24ಕ್ಕೆ ಇಳಿದ ಜಾಗದಲ್ಲಿ ಪ್ರತಿ ನಾಲ್ಕಕ್ಕೆ ಒಂದು ಫ್ರೇಮ್ ಎರಡು ಸಲ ಬರುತ್ತದೆ. ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುವಾಗ ಗಮನಿಸಿ ನೋಡಿದರೆ ಸಣ್ಣ ತಡೆತ ಕಾಣಬಹುದು, ರಾಳದ ಮಬ್ಬಿನಲ್ಲಿ ಕಾಣುವುದಿಲ್ಲ.

ಹ್ಯಾಂಡ್‌ಬ್ರೇಕ್ ವಿಡಿಯೋ ಪರಿವರ್ತಿಸುವ ಉಚಿತ ಸಾಫ್ಟ್‌ವೇರ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಪ್ರಿಸೆಟ್‌ಗಳ (ಸಿದ್ಧ ಸೆಟ್ಟಿಂಗ್‌ಗಳ) ಪಟ್ಟಿಯಲ್ಲಿ ‘ಪ್ರೊಫೆಷನಲ್’ ಗುಂಪಿನ ‘ಪ್ರೊಡಕ್ಷನ್ ಸ್ಟ್ಯಾಂಡರ್ಡ್’ ಆರಿಸಿ. ವಿಡಿಯೋ ಟ್ಯಾಬ್‌ಗೆ ಹೋಗಿ ಫ್ರೇಮ್ ರೇಟ್ ಜಾಗದಲ್ಲಿ ‘ಸೇಮ್ ಆ್ಯಸ್ ಸೋರ್ಸ್’ ತೆಗೆದು 30 ಕೊಡಿ, ಕೆಳಗೆ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ಗೆ ಗುರುತು ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರೆ. ‘ಫಾಸ್ಟ್ 1080ಪಿ30’ ಎಂಬ ಪ್ರಿಸೆಟ್ ಹೆಸರಿನಲ್ಲೇ 30 ಇದೆಯಲ್ಲ ಎಂದು ಅದನ್ನು ಆರಿಸುತ್ತಾರೆ. ಅದರೊಳಗಿರುವುದು ‘ಪೀಕ್ ಫ್ರೇಮ್‌ರೇಟ್’, ಅಂದರೆ 30ನ್ನು ಮೀರದಂತೆ ಬದಲಾಗುವ ದರ. ಅರ್ಧ ದಿನ ಕಾದು ಹೊರಬಂದದ್ದು ಮತ್ತೆ ಅದೇ ರೋಗದ ಫೈಲ್!

ಗುಣಮಟ್ಟದ ಆರ್‌ಎಫ್ ಸಂಖ್ಯೆ 16 ಇಡಿ. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. ಸಾಮಾನ್ಯ ದೃಶ್ಯಕ್ಕೆ 18 ಸಾಕು. ಆದರೆ ಮಿನುಗುವ ಬೇಗಡೆ, ಜ್ವಾಲೆ, ಕತ್ತಲಿನ ಕಾಳುಗಳು ಎನ್‌ಕೋಡರಿಗೆ ಕಷ್ಟದ ತುತ್ತು, ಅವಕ್ಕೆ 16 ಬೇಕು. ಕನ್ವರ್ಟ್ ಮಾಡಿದರೆ ಗುಣಮಟ್ಟ ಹೋಗುತ್ತದೆ ಎಂಬ ಮಾತು ಲೆಕ್ಕದಲ್ಲಿ ನಿಜ, ಪ್ರತಿ ಎನ್‌ಕೋಡಿಂಗ್‌ನಲ್ಲೂ ಸ್ವಲ್ಪ ಹೋಗುತ್ತದೆ. 16ರಲ್ಲಿ ಒಂದು ಸಲ ಮಾಡಿದ್ದನ್ನು ಮೂಲದ ಪಕ್ಕ ಇಟ್ಟರೂ ಕಣ್ಣಿಗೆ ಗುರುತು ಸಿಗುವುದು ಕಷ್ಟ. ಕೆಡುವುದು ಕಡಿಮೆ ಬಿಟ್‌ರೇಟಿನಲ್ಲಿ ಎರಡು ಮೂರು ಸಲ ಮಾಡಿದಾಗ.

ಡೈಮೆನ್ಷನ್ಸ್ ಟ್ಯಾಬ್‌ನಲ್ಲಿ ಕ್ರಾಪಿಂಗ್ ‘ಆಟೋಮ್ಯಾಟಿಕ್’ ಇದ್ದರೆ ‘ನನ್’ ಮಾಡಿ. ಹ್ಯಾಂಡ್‌ಬ್ರೇಕ್ ಚಿತ್ರದ ಅಂಚಿನ ಕಪ್ಪನ್ನು ಬೇಡದ ಪಟ್ಟಿ ಎಂದು ತಿಳಿದು ಕತ್ತರಿಸುತ್ತದೆ. ರಂಗಸ್ಥಳದ ಆಚೀಚೆ ರಾತ್ರಿಯ ಕತ್ತಲೇ ಇರುವ ನಿಮ್ಮ ಚಿತ್ರಗಳಲ್ಲಿ ಈ ಅಪಾಯ ನಿಜವಾಗಿಯೂ ಇದೆ. ಆಡಿಯೋ ಟ್ಯಾಬ್‌ನಲ್ಲಿ ಎಎಸಿ, ಬಿಟ್‌ರೇಟ್ 256 ಇಟ್ಟರೆ ಸಾಕು, ಹೇಗೂ ಕೊನೆಗೆ ಬಳಸುವುದು ಮಿಕ್ಸರ್ ಧ್ವನಿಯನ್ನೇ. ಆದರೆ ಫೋನಿನ ಧ್ವನಿಯನ್ನು ತೆಗೆದುಹಾಕಬೇಡಿ, ಜೋಡಿಸಲು ಬೇಕು.

ದರ ಆರಿಸುವಾಗ ಸರಾಸರಿಯನ್ನು ನೋಡಿ 29.91 ಕೊಡಲು ಹೋಗಬೇಡಿ. ಫೋನ್ ಬೆಳಕಿನಲ್ಲಿ ಯಾವ ದರದಲ್ಲಿ ಓಡಿತ್ತೋ ಅದನ್ನು, ಅಂದರೆ 30ನ್ನು ಕೊಡಿ. 25 ಕೊಟ್ಟರೆ ಸೆಕೆಂಡಿಗೆ 5 ಫ್ರೇಮ್ ಬಿಸಾಡಿ ಕುಣಿತ ಕುಂಟುತ್ತದೆ. ನಿಮ್ಮ ಫೋನ್ 29.97ರದ್ದಾಗಿದ್ದು 30 ಕೊಟ್ಟರೂ ಧ್ವನಿ ತಪ್ಪುವುದಿಲ್ಲ, 33 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ ಅಷ್ಟೇ.

ಮೊದಲು ರೇಂಜ್‌ನಲ್ಲಿ ಸೆಕೆಂಡ್ ಲೆಕ್ಕ ಆರಿಸಿ, 17ರಿಂದ 21ನೇ ನಿಮಿಷದವರೆಗೆ ಮಾತ್ರ ಪರಿವರ್ತಿಸಿ ಟೈಮ್‌ಲೈನ್‌ನಲ್ಲಿ ಹಾಕಿ ನೋಡಿ. ಬಣ್ಣದ ವೇಷದ ಪ್ರವೇಶದ ಆಚೆಗೂ ಫೋನಿನ ಧ್ವನಿ ಹೊಂದಿಕೊಂಡರೆ, 22 ಕ್ಲಿಪ್‌ಗಳನ್ನೂ ಕ್ಯೂಗೆ ಸೇರಿಸಿ ರಾತ್ರಿ ಓಡಲು ಬಿಡಿ.

ಷಾಟ್‌ಕಟ್ ಅಥವಾ ಕೆಡೆನ್‌ಲೈವ್‌ನಲ್ಲಿ ಎಡಿಟ್ ಮಾಡುವುದಾದರೆ ಅವು ತಾವೇ ಇಂಥ ಫೈಲನ್ನು ಗುರುತಿಸಿ, ಎಡಿಟಿಂಗ್‌ಗೆ ಹೊಂದುವಂತೆ ಪರಿವರ್ತಿಸಲೇ ಎಂದು ಕೇಳುತ್ತವೆ. ಕಿರಿಕಿರಿ ಎಂದು ಆ ಕಿಟಕಿಯನ್ನು ಮುಚ್ಚಬೇಡಿ, ಒಪ್ಪಿಕೊಳ್ಳಿ. ಪ್ರೀಮಿಯರ್ ಪ್ರೊದಲ್ಲಿ ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ ಮೂಲ ಕ್ಲಿಪ್ಪಿನ ಭಾಗಕ್ಕೆ ಹೋದರೆ ‘ಪ್ರಿಸರ್ವ್ ಆಡಿಯೋ ಸಿಂಕ್’ ಎಂಬ ಆಯ್ಕೆಯಿದೆ. 5 ನಿಮಿಷದ ಕ್ಲಿಪ್‌ಗಳಿಗೆ ಅದು ಸಾಕಾಗಬಹುದು. 40 ನಿಮಿಷದ ಕ್ಲಿಪ್, ಮೇಲಿಂದ ಬೇರೆ ರೆಕಾರ್ಡರಿನ ಧ್ವನಿ ಎಂದಾದರೆ ಮೊದಲೇ ಪರಿವರ್ತಿಸಿಕೊಳ್ಳುವುದನ್ನೇ ನಾನು ಹೇಳುತ್ತೇನೆ.

ಪ್ರೊರೆಸ್‌ನಂಥ ಎಡಿಟಿಂಗ್ ಕೋಡೆಕ್‌ಗೆ (ಕಡಿಮೆ ಕುಗ್ಗಿಸಿ ಬರೆಯುವ ವಿಧಾನಕ್ಕೆ) ಹೋಗಬೇಕೇ? ಹಳೆಯ ಕಂಪ್ಯೂಟರಿನಲ್ಲೂ ಅದು ಸಲೀಸಾಗಿ ಓಡುತ್ತದೆ, ಆದರೆ ಜಾಗ ಲೆಕ್ಕ ಹಾಕಿ. ಪ್ರೊರೆಸ್ 422 ಎಲ್‌ಟಿ 1080ಪಿಯಲ್ಲಿ ಸೆಕೆಂಡಿಗೆ ಸುಮಾರು 102 ಮೆಗಾಬಿಟ್, ಗಂಟೆಗೆ 46 ಜಿಬಿ. ಬರೀ 422 ಆದರೆ 147 ಮೆಗಾಬಿಟ್, ಗಂಟೆಗೆ 66 ಜಿಬಿ. ಇಡೀ ರಾತ್ರಿಯ 7 ಗಂಟೆಯ ಆಟ ಎಲ್‌ಟಿಯಲ್ಲೇ 320 ಜಿಬಿ ದಾಟುತ್ತದೆ. 3 ಗಂಟೆಯ ಕಾಲಮಿತಿ ಪ್ರದರ್ಶನಕ್ಕೆ ಸರಿ, ಇಡೀ ರಾತ್ರಿಯದಕ್ಕೆ ಮೇಲಿನ ಹ್ಯಾಂಡ್‌ಬ್ರೇಕ್ ಪ್ರಿಸೆಟ್ ಕೊಡುವ ಎಚ್.264 ಸಾಕು. ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ. ಪರಿವರ್ತಿಸಿದ್ದನ್ನು ಕೆಲಸ ಮುಗಿದ ಮೇಲೆ ಅಳಿಸಿದರೂ ಮತ್ತೆ ಮಾಡಬಹುದು.

ಚಿತ್ರ ಸರಿಯಾದ ಮೇಲೂ ಉಳಿಯುವ ವ್ಯತ್ಯಾಸ

ಪರಿವರ್ತನೆ ಆದ ಮೇಲೆ ಮಿಕ್ಸರ್ ಧ್ವನಿ ಜೋಡಿಸಿದಾಗ ಗಂಟೆಗೆ ನಾಲ್ಕೈದು ಫ್ರೇಮ್ ತಪ್ಪುವುದು ಕಂಡರೆ ಫ್ರೇಮ್ ರೇಟನ್ನು ದೂರಬೇಡಿ. ಫೋನಿಗೊಂದು ಸ್ಫಟಿಕದ ಗಡಿಯಾರ, ರೆಕಾರ್ಡರಿಗೆ ಇನ್ನೊಂದು. ಹತ್ತು ಲಕ್ಷದಲ್ಲಿ 50 ಭಾಗದಷ್ಟು ವ್ಯತ್ಯಾಸವಿದ್ದರೆ ಗಂಟೆಗೆ 0.18 ಸೆಕೆಂಡ್, ಸುಮಾರು 5 ಫ್ರೇಮ್. ಇದು ಒಂದೇ ಹದದಲ್ಲಿ ಬೆಳೆಯುತ್ತದೆ. ನೀವು ಹಿಂದೆ ಮಾಡಿದ ಎಳೆಯುವ ಕುಗ್ಗಿಸುವ ಉಪಾಯ ಇಲ್ಲಿ ಸರಿಯಾದ ಮದ್ದು. ಇನ್ನೂ ಸುಲಭವೆಂದರೆ ಇಪ್ಪತ್ತು ನಿಮಿಷಕ್ಕೊಮ್ಮೆ, ಹಿಮ್ಮೇಳ ನಿಂತು ಬರೀ ಅರ್ಥಗಾರಿಕೆ ನಡೆಯುವ ಕಡೆ ಎರಡು ಮಾತಿನ ನಡುವಿನ ಮೌನದಲ್ಲಿ ಆಡಿಯೋ ಕತ್ತರಿಸಿ ಎರಡು ಫ್ರೇಮ್ ಸರಿಸುವುದು. ರೆಕಾರ್ಡರ್ 48 ಕಿಲೋಹರ್ಟ್ಸ್‌ನಲ್ಲೇ ಇರಲಿ, ವಿಡಿಯೋ ಕೆಲಸದ ರೂಢಿ ಅದೇ.

ಇನ್ನೊಂದು ವಿಷಯ, ಚೆಂಡೆಯಂಥ ವಾದ್ಯ ಇರುವುದರಿಂದ ಹೇಳಲೇಬೇಕು. ಸಾಫ್ಟ್‌ವೇರ್‌ಗಳು ಎರಡು ಧ್ವನಿಯ ಅಲೆ ನೋಡಿ ತಾವೇ ಜೋಡಿಸುತ್ತವೆ. ನೀವು ರಂಗಸ್ಥಳದಿಂದಲೂ ಸ್ಪೀಕರಿನಿಂದಲೂ 25 ಮೀಟರ್ ದೂರ ಕೂತಿದ್ದರೆ ಫೋನಿನ ಮೈಕಿಗೆ ಸದ್ದು ಬರಲು 72 ಮಿಲಿಸೆಕೆಂಡ್ ಬೇಕು, ಬೆಳಕಿಗೆ ಏನೂ ಬೇಡ. ಹಾಗಾಗಿ ಫೋನಿನ ಧ್ವನಿಯೇ ಚಿತ್ರಕ್ಕಿಂತ ಎರಡು ಫ್ರೇಮ್ ಹಿಂದಿರುತ್ತದೆ. ಮಿಕ್ಸರ್ ಧ್ವನಿಯನ್ನು ಅದಕ್ಕೆ ಜೋಡಿಸಿದರೆ ಅದೂ ಎರಡು ಫ್ರೇಮ್ ಹಿಂದೆ ಬೀಳುತ್ತದೆ. ಭಾಗವತರ ಪದ್ಯದಲ್ಲಿ ಇದು ಗೊತ್ತಾಗುವುದಿಲ್ಲ, ಚೆಂಡೆಯ ಉರುಳಿಕೆಯಲ್ಲಿ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಜೋಡಿಸಿದ ಮೇಲೆ ಕೋಲು ಚರ್ಮಕ್ಕೆ ತಾಗುವ ಒಂದು ಫ್ರೇಮ್ ಹುಡುಕಿ, ಮಿಕ್ಸರ್ ಧ್ವನಿಯ ಆ ಪೆಟ್ಟು ಅಲ್ಲಿಗೇ ಬರುವಂತೆ ಎರಡು ಫ್ರೇಮ್ ಮುಂಚೆಗೆ, ಅಂದರೆ ಟೈಮ್‌ಲೈನ್‌ನಲ್ಲಿ ಎಡಕ್ಕೆ ಸರಿಸಿ.

ಕ್ಯಾಮೆರಾ ಕೊಳ್ಳುವ ಯೋಚನೆಯಿದ್ದರೆ

ಫೋನ್ ಬದಲಿಸಿ ಪ್ರಯೋಜನವಿಲ್ಲ, ಹೊಸ ಫೋನೂ ಇದನ್ನೇ ಮಾಡುತ್ತದೆ. ಹಣ ಹಾಕುವುದೇ ಆದರೆ ಕ್ಯಾಮ್‌ಕಾರ್ಡರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ನೋಡಿ, ಅವು ಸ್ಥಿರ ದರದಲ್ಲೇ ತೆಗೆಯುತ್ತವೆ. ಹಳೆಯ ಮಿರರ್‌ಲೆಸ್‌ಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತವೆ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಅದನ್ನೇ ಕೇಳಿ. ಎಚ್‌ಡಿಎಂಐ ಮೂಲಕ ಕ್ಯಾಪ್ಚರ್ ಕಾರ್ಡಿಗೆ (ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ತಲುಪಿಸುವ ಸಾಧನ), ಅಲ್ಲಿಂದ ಲ್ಯಾಪ್‌ಟಾಪಿನ ಓಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಕೊಟ್ಟು ರೆಕಾರ್ಡ್ ಮಾಡಿದರೆ ಆ ಮಿತಿ ತಪ್ಪುತ್ತದೆ. ಮಿಕ್ಸರ್ ಧ್ವನಿಯನ್ನೂ ಅಲ್ಲೇ ಸೇರಿಸಬಹುದು. ಓಬಿಎಸ್ ಸ್ಥಿರ ದರದ ಫೈಲನ್ನೇ ಬರೆಯುತ್ತದೆ. ಲ್ಯಾಪ್‌ಟಾಪ್ ಸೋತರೆ ಹಳೆಯ ಫ್ರೇಮನ್ನೇ ಮತ್ತೆ ಬರೆದು ಸಮಯ ಉಳಿಸುತ್ತದೆ, ಆಗ ಧ್ವನಿ ತಪ್ಪುವುದಿಲ್ಲ, ಚಿತ್ರ ತಡೆತಡೆದು ಓಡುತ್ತದೆ. ‘ಸ್ಟ್ಯಾಟ್ಸ್’ ಕಿಟಕಿ ತೆರೆದಿಟ್ಟು, ಎನ್‌ಕೋಡಿಂಗ್ ಮತ್ತು ರೆಂಡರಿಂಗ್ ಸಾಲುಗಳಲ್ಲಿ ಬಿಟ್ಟುಹೋದ ಫ್ರೇಮುಗಳ ಎಣಿಕೆ ಏರುತ್ತಿದೆಯೇ ಎಂದು ನೋಡುತ್ತಿರಿ. ಎಂಕೆವಿಯಲ್ಲೇ ರೆಕಾರ್ಡ್ ಮಾಡಿ. ಆಟದ ನಡುವೆ ಜನರೇಟರ್ ಕೈಕೊಟ್ಟರೂ ಅಲ್ಲಿಯವರೆಗಿನದು ಉಳಿಯುತ್ತದೆ, ಮಾಮೂಲಿ ಎಂಪಿ4 ಆದರೆ ಇಡೀ ಫೈಲ್ ಹೋಗಬಹುದು. ಆಮೇಲೆ ಫೈಲ್ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ನಿಂದ ಎಂಪಿ4 ಮಾಡಿಕೊಂಡರಾಯಿತು.

ಕ್ಯಾಪ್ಚರ್ ಕಾರ್ಡ್ ಅಗ್ಗದ ಯುಎಸ್‌ಬಿ 2.0 ಆಗಿದ್ದರೆ ಓಬಿಎಸ್‌ನಲ್ಲಿ ವಿಡಿಯೋ ಫಾರ್ಮ್ಯಾಟ್ ಎಂಜೆಪೆಗ್ ಆರಿಸಿ, ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಕುಗ್ಗಿಸದ 1080ಪಿ 30 ಫ್ರೇಮಿಗೆ ಸೆಕೆಂಡಿಗೆ ಸಾವಿರ ಮೆಗಾಬಿಟ್‌ನಷ್ಟು ಬೇಕು, ಯುಎಸ್‌ಬಿ 2.0 ಕೊಡುವುದು ಹೆಚ್ಚೆಂದರೆ 480. ತಪ್ಪು ಫಾರ್ಮ್ಯಾಟ್ ಆರಿಸಿ, ಸೆಕೆಂಡಿಗೆ ಐದೇ ಫ್ರೇಮ್ ಬರುತ್ತಿದೆ, ಕಾರ್ಡ್ ಕೆಟ್ಟಿದೆ ಎಂದು ಹಿಂದಿರುಗಿಸುವವರು ಬಹಳ.

ಅರ್ಧ ಎಡಿಟ್ ಆದ ಪ್ರಸಂಗ

ಕೊನೆಯದಾಗಿ, ಅರ್ಧಕ್ಕೆ ನಿಲ್ಲಿಸಿದ ಆ ಪ್ರಸಂಗ. ಪರಿವರ್ತಿಸಿದ ಫೈಲಿಗೆ ಹಳೆಯ ಹೆಸರನ್ನೇ ಕೊಟ್ಟು ಜಾಗ ಬದಲಿಸಿದರೆ ಕೆಲಸ ಉಳಿಯುತ್ತದೆ ಎಂದು ಅನ್ನಿಸಬಹುದು. ಹಾಗೆ ಮಾಡಬೇಡಿ. 18ನೇ ನಿಮಿಷದವರೆಗಿನ ಕಟ್‌ಗಳು ಇದ್ದಲ್ಲೇ ಇರುತ್ತವೆ, ಅಲ್ಲಿಂದಾಚೆಯವು ಹೊಸ ಫೈಲಿನಲ್ಲಿ 4 ಸೆಕೆಂಡಿನಿಂದ 7 ಸೆಕೆಂಡಿನಷ್ಟು ಬೇರೆ ಜಾಗಕ್ಕೆ ಬೀಳುತ್ತವೆ, ಪದ್ಯದ ನಡುವೆ ಕತ್ತರಿ ಬಿದ್ದಿರುತ್ತದೆ. ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಉಳಿಸಿ, ಹೊಸ ಫೈಲನ್ನು ಬೇರೆ ಟ್ರ್ಯಾಕಿನಲ್ಲಿ ಹಾಕಿ, ಹಳೆಯ ಕಟ್‌ಗಳನ್ನು ನೋಡಿಕೊಂಡು ಬಣ್ಣದ ವೇಷದ ಪ್ರವೇಶದಿಂದಾಚೆಯದನ್ನು ಹೊಸದಾಗಿ ಕತ್ತರಿಸಿ. ಬಣ್ಣ ತಿದ್ದಿದ್ದು, ಶೀರ್ಷಿಕೆ ಬರೆದದ್ದು ಎಲ್ಲವನ್ನೂ ಕಾಪಿ ಮಾಡಿ ತರಬಹುದು. ಶ್ರಮ ಬೇಡುವುದು ಕಟ್‌ಗಳು ಮಾತ್ರ. 22 ಕ್ಲಿಪ್‌ಗಳ ಕ್ಯೂನಲ್ಲಿ ಈ ಪ್ರಸಂಗದವನ್ನೇ ಮೊದಲು ಹಾಕಿ.